ಟ್ಯಾಂಕ್ ಗೋತ್ರ: ಕಿಲೆಲೆಶ್ವಾ ನಿವಾಸಿಗಳ ಸಹಬಾಳ್ವೆಯ ಬಗ್ಗೆ ಒಂದು ಶಾಸ್ತ್ರೀಯ ಜಿಜ್ಞಾಸೆ

ಮನುಷ್ಯರು ಹೇಗೆ ಕೂಡಿ ಬಾಳಬೇಕು ಎಂದು ತಿಳಿಯಲು ಮಾನವಶಾಸ್ತ್ರಜ್ಞರು ಇದುವರೆಗೆ ತಪ್ಪು ಊರುಗಳಿಗೇ ಹೋಗಿದ್ದಾರೆ. ನಮ್ಮ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ರಾಂಪುರಕ್ಕೆ ಹೋದರು. ಅವರ ಗುರು ಇವಾನ್ಸ್-ಪ್ರಿಚರ್ಡ್ ಸುಡಾನಿನ ನುಯೆರ್ ಜನರ ದನಗಳ ಹಿಂದೆ ಅಲೆದರು. ಇಬ್ಬರಲ್ಲಿ ಒಬ್ಬರಿಗಾದರೂ ನೈರೋಬಿಯ ಕಿಲೆಲೆಶ್ವಾದಲ್ಲಿ ಬಾಡಿಗೆಗೊಂದು ಫ್ಲಾಟು ಸಿಕ್ಕಿದ್ದರೆ ಶಾಸ್ತ್ರದ ಗತಿಯೇ ಬೇರೆಯಾಗುತ್ತಿತ್ತು. ಶ್ರೀನಿವಾಸರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ನಮ್ಮ ಆಕರವೆಲ್ಲ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿದೆ. ಅದನ್ನು ಸುಡುವುದು ಯಾರಿಂದಲೂ ಸಾಧ್ಯವಿಲ್ಲ, ಹಲವರಿಗೆ ಆಸೆಯಿದ್ದರೂ.

ಮೊದಲು ಪೂರ್ವಪಕ್ಷ. ಕೂಡಿ ಬಾಳುವುದೇ ಬೇಡ ಎಂಬುದು ಈ ನಗರದ ಆದಿಸಿದ್ಧಾಂತ. ಹಿಂದೆ ಕಲ್ಕತ್ತೆಯ ಆರೋಗ್ಯಾಧಿಕಾರಿಯಾಗಿದ್ದ ಪ್ರೊಫೆಸರ್ ಸಿಂಪ್ಸನ್ 1913ರಲ್ಲಿ ನೈರೋಬಿಗೆ ಬಂದು, ಯುರೋಪಿಯನ್ನರು, ಏಷ್ಯನ್ನರು, ಆಫ್ರಿಕನ್ನರು ಬೇರೆ ಬೇರೆ ಕೇರಿಗಳಲ್ಲಿರಬೇಕು, ನಡುವೆ ಖಾಲಿ ಪಟ್ಟಿ ಬಿಡಬೇಕು ಎಂದು ವರದಿ ಕೊಟ್ಟ. ಕಾರಣ, ನೈರ್ಮಲ್ಯ. ಮಡಿಗೆ ಇಷ್ಟು ವೈಜ್ಞಾನಿಕ ಆಧಾರವನ್ನು ನಮ್ಮ ಅಗ್ರಹಾರದವರೂ ಒದಗಿಸಿರಲಿಲ್ಲ. 1923ರಲ್ಲಿ ಬ್ರಿಟಿಷ್ ಸರ್ಕಾರದ ಡೆವನ್‌ಶೈರ್ ಶ್ವೇತಪತ್ರ ಪಟ್ಟಣಗಳಲ್ಲಿ ಈ ನೀತಿಯನ್ನು ಕೈಬಿಟ್ಟಿತು. ಜಾಗದ ಕರಾರುಪತ್ರಗಳು ಬಿಡಲಿಲ್ಲ. ಪಾರ್ಕ್‌ಲ್ಯಾಂಡ್ಸ್, ನ್ಗಾರಾ ಕಡೆ ಭಾರತೀಯರು, ಪೂರ್ವದ ಬಯಲಲ್ಲಿ ಆಫ್ರಿಕನ್ನರು, ಪಶ್ಚಿಮದ ತಂಪು ಏರಿನಲ್ಲಿ ಬಿಳಿಯರು. ಕಿಲೆಲೆಶ್ವಾ ಆ ಏರಿಗೆ ಸೇರಿದ್ದು: ದೊಡ್ಡ ಹಿತ್ತಿಲು, ಹಂಚಿನ ಬಂಗಲೆ, ಹಿಂದೆ ಆಳಿನ ಕೋಣೆ.

ಈಗ ಆ ಬಂಗಲೆಗಳು ಒಂದೊಂದಾಗಿ ನೆಲಸಮವಾಗಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಒಂದು ಸಂಸಾರ ಗುಲಾಬಿ ಬೆಳೆಸುತ್ತಿದ್ದ ಹಿತ್ತಿಲಲ್ಲಿ ಹತ್ತಾರು ಅಡುಗೆಮನೆ. ನಮ್ಮ ಮಹಡಿಯಲ್ಲೇ ಕಿಕುಯು ವಕೀಲೆ, ಗುಜರಾತಿ ಮುದುಕ ದಂಪತಿ, ಎರಿಟ್ರಿಯಾದ ವ್ಯಾಪಾರಿ, ಔಷಧಿ ಕಂಪನಿಯ ದಾವಣಗೆರೆ ಹುಡುಗ. ಇವರನ್ನೆಲ್ಲ ಬುಡಕಟ್ಟು ಎಂದು ಕರೆದರೆ ಯಾರೂ ಸಿಟ್ಟಾಗಬೇಕಿಲ್ಲ. 2017ರಲ್ಲಿ ಕೀನ್ಯಾ ಸರ್ಕಾರವೇ ಏಷ್ಯನ್ ಮೂಲದ ಪೌರರನ್ನು ದೇಶದ 44ನೇ ಬುಡಕಟ್ಟು ಎಂದು ಘೋಷಿಸಿದೆ. ವರ್ಕ್ ಪರ್ಮಿಟ್ಟಿನ ಮೇಲಿರುವ ದಾವಣಗೆರೆಯವನದು ಸದ್ಯಕ್ಕೆ ತ್ರಿಶಂಕು ಸ್ಥಿತಿ.

ಇವರನ್ನು ಹಿಡಿದಿಟ್ಟಿರುವುದು ಯಾವುದು? ರಕ್ತವಲ್ಲ, ಭಾಷೆಯಲ್ಲ, ದೇವರಂತೂ ಅಲ್ಲ. ನೀರು. ನ್ದಕಾಯ್ನಿ ಅಣೆಕಟ್ಟಿನಿಂದ ನಗರಕ್ಕೆ ಬರುವ ನೀರು ಎಲ್ಲರಿಗೂ ದಿನಾ ಸಾಲುವುದಿಲ್ಲ; ಸರದಿ ಪ್ರಕಾರ ಬಿಡುತ್ತಾರೆ. ಉಳಿದಂತೆ ಬೋರ್‌ವೆಲ್, ಅದೂ ಕೈಕೊಟ್ಟರೆ ಟ್ಯಾಂಕರ್. ಒಂದೇ ಓವರ್‌ಹೆಡ್ ಟ್ಯಾಂಕಿನ ನೀರು ಕುಡಿಯುವವರೆಲ್ಲ ಸಗೋತ್ರರು ಎಂಬುದು ನಮ್ಮ ಸಿದ್ಧಾಂತ.

ಸಗೋತ್ರರ ಆಚಾರಗಳು ಕಠಿಣ. ಲಿಫ್ಟಿನಲ್ಲಿ ಪರಸ್ಪರ ಮುಖ ನೋಡುವಂತಿಲ್ಲ. ಕಣ್ಣು ಮಹಡಿಯ ಅಂಕಿಯ ಮೇಲಿರಬೇಕು. (ಕೆಲವು ಸಮಾಜಗಳಲ್ಲಿ ಅಳಿಯ ಅತ್ತೆಯ ಎದುರು ಬೀಳದಂತೆ ತಪ್ಪಿಸಿಕೊಂಡು ನಡೆಯುವುದನ್ನು ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ವಿವರಿಸಿದ್ದಾನೆ. ಪಾಪ, ಅವನ ಕಾಲಕ್ಕೆ ಕಿಲೆಲೆಶ್ವಾದ ಲಿಫ್ಟುಗಳಿರಲಿಲ್ಲ.) ಹಬ್ಬಕ್ಕೆ ಕರೆಯುವ ರೂಢಿಯಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತೋ, ಮೈಗೆಲ್ಲ ಸೋಪು ಹಚ್ಚಿಕೊಂಡವನೇ ಒದ್ದೆ ಬೆರಳಲ್ಲಿ ಗುಂಪಿಗೆ ಸಂದೇಶ ಹಾಕುತ್ತಾನೆ: ನಿಮ್ಮಲ್ಲಿ ಬರ್ತಿದೆಯಾ? ವಕೀಲೆ ಇಲ್ಲ ಎನ್ನುತ್ತಾಳೆ. ಗುಜರಾತಿ ಅಜ್ಜ ಅಳುವ ಮುಖ ಕಳಿಸುತ್ತಾನೆ. ಒಬ್ಬನಿಗೆ ಮಾತ್ರ ಬರುತ್ತಿದೆ ಎಂದು ಗೊತ್ತಾದರೆ ಗೋತ್ರ ಅಲ್ಲಿಗೆ ಒಡೆಯಿತು.

ಈ ಗೋತ್ರ ಸಿದ್ಧಾಂತಕ್ಕೊಂದು ಆಕ್ಷೇಪವಿದೆ. ಗೇಟಿನ ಅಸ್ಕಾರಿ, ಅಂದರೆ ನಮ್ಮ ಕಾವಲುಗಾರ, ಈ ಗೋತ್ರದಲ್ಲಿ ಎಲ್ಲಿದ್ದಾನೆ? ಯಾರ ಕಾರು ಯಾವುದು, ಯಾರ ಮನೆಯಲ್ಲಿ ಜಗಳ, ಯಾರು ಸರ್ವಿಸ್ ಚಾರ್ಜ್ ಬಾಕಿ ಇಟ್ಟಿದ್ದಾರೆ, ಎಲ್ಲ ಅವನಿಗೆ ಗೊತ್ತು. ಅವನ ಹೆಸರು ಮಾತ್ರ ನಮ್ಮ ಮಹಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಹತ್ತಿರದ ಬಡವರ ಬಡಾವಣೆ ಕವಂಗ್ವಾರೆಯಿಂದ ನಡೆದು ಬರುತ್ತಾನೆ. ಅಲ್ಲಿ ನೀರನ್ನು ಹಳದಿ ಜೆರ್ರಿಕ್ಯಾನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಸಿಂಪ್ಸನ್ನನ ಖಾಲಿ ಪಟ್ಟಿ ಎಲ್ಲೂ ಹೋಗಿಲ್ಲ. ಸಣ್ಣದಾಗಿ, ಮೇಲೆ ಕರೆಂಟಿನ ತಂತಿ ಎಳೆಸಿಕೊಂಡು, ಕಾಂಪೌಂಡಾಗಿ ನಿಂತಿದೆ.

ಕ್ಷೇತ್ರಕಾರ್ಯದ ಅಂಗವಾಗಿ ಅವನನ್ನೇ ಕೇಳಲಾಯಿತು: ಮನುಷ್ಯರು ಹೇಗೆ ಕೂಡಿ ಬಾಳಬೇಕು? ಅವನು ರಿಜಿಸ್ಟರ್ ಮುಚ್ಚಿಟ್ಟು ಸ್ವಲ್ಪ ಯೋಚಿಸಿ ಹೇಳಿದ: “ರಾತ್ರಿ ಹಾರ್ನ್ ಒಂದೇ ಸಲ ಹೊಡೀರಿ ಬಾಸ್. ಬರ್ತಾ ಇರ್ತೀನಿ.” ಸೈದ್ಧಾಂತಿಕ ಚೌಕಟ್ಟಿನ ಕೊರತೆಯಿಂದಾಗಿ ಈ ಉತ್ತರವನ್ನು ಅಧ್ಯಯನಕ್ಕೆ ಪರಿಗಣಿಸಿಲ್ಲ.