ಗೆದ್ದಲಿಗೆ ಅಗ್ರಿಮೆಂಟ್ ಬೇಡ

ಕೊಚ್ಚಿ ಪಕ್ಕದ ಏಲೂರು. ಕುಂಬಳೆಯಿಂದ ಕೆಲಸಕ್ಕೆ ಬಂದ ಹುಡುಗ. ಬೆಂಗಳೂರಿನಲ್ಲಿ ಬೇಕರಿ ಇಟ್ಟು, ಕನ್ನಡವನ್ನೂ ಕಮಿಷನ್ನನ್ನೂ ಕಲಿತು ಊರಿಗೆ ಮರಳಿದ ಬ್ರೋಕರ್.

ಹುಡುಗ: ಚೇಟ್ಟಾ, ಈ ಎರಡು ಮಾಳಿಗೆಯ ಮನೆ ಖಾಲಿ ಉಂಟಲ್ಲ?

ಬ್ರೋಕರ್: ಖಾಲಿ ಅಲ್ಲ ಸಾರ್, ಬೀಗ ಹಾಕಿದೆ. ಓನರ್ ದುಬೈ.

ಹುಡುಗ: ಅದರಾಚೆಯದ್ದು?

ಬ್ರೋಕರ್: ಅವರು ಕೆನಡಾ. ಮಗಳ ಮದುವೆಗೆ ಬರ್ತಾರೆ. ಮಗಳಿಗೀಗ ನಾಲ್ಕು ವರ್ಷ.

ಹುಡುಗ: 2011ರ ಜನಗಣತಿಯಲ್ಲೇ ಕೇರಳದಲ್ಲಿ 11 ಲಕ್ಷಕ್ಕೂ ಹೆಚ್ಚು ಮನೆ ಖಾಲಿ ಇದ್ದವಂತೆ ಮಾರಾಯ್ರೆ. ನನಗೆ ಒಂದು ಕೋಣೆ ಸಾಕು!

ಬ್ರೋಕರ್: 1965ರ ಬಾಡಿಗೆ ಕಾಯ್ದೆ ಇದೆಯಲ್ಲ, ಬಂದವರು ಏಳೋದೇ ಇಲ್ಲ ಅಂತ ಓನರ್‌ಗಳಿಗೆ ಭಯ. ಗೆದ್ದಲು ಕೋರ್ಟಿಗೆ ಹೋಗಲ್ಲ ನೋಡಿ, ಅದಕ್ಕೇ ಅದನ್ನ ಇಟ್ಕೊಂಡಿದ್ದಾರೆ. ನದಿ ಪಕ್ಕ ಒಂದಿದೆ. ಕಿಟಕಿ ತೆಗೆದರೆ ಪೆರಿಯಾರ್ ಕಾಣುತ್ತೆ. 2018ರ ಆಗಸ್ಟ್‌ನಲ್ಲಿ ಪೆರಿಯಾರೇ ಒಳಗೆ ಬಂದು ನೋಡಿಕೊಂಡು ಹೋಯ್ತು.

ಹುಡುಗ: ಈ ವಾಸನೆ?

ಬ್ರೋಕರ್: ಅದಕ್ಕೆ ಬಾಡಿಗೆ ಬೇರೆ ಇಲ್ಲ. ಕಾರ್ಖಾನೆಗಳು 1940ರ ದಶಕದಿಂದ ಇಲ್ಲಿವೆ, ನೀವು ಬಂದದ್ದು ನಿನ್ನೆ. ಸೀನಿಯಾರಿಟಿ ಅಂತ ಒಂದಿದೆ.

ಹುಡುಗ: 2024ರ ಮೇಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದ್ದು ಇದೇ ನದಿಯಲ್ಲಲ್ವಾ?

ಬ್ರೋಕರ್: ಮೀನಿಗೆ ಅಗ್ರಿಮೆಂಟ್ ಇರಲಿಲ್ಲ ಸಾರ್. ನಿಮಗೆ 11 ತಿಂಗಳದ್ದು ಮಾಡಿಸ್ತೀನಿ. ಆದರೆ ಹೊರಗಿನವರಿಗೆ ಕೊಡಲ್ಲ ಅಂತಾರೆ.

ಹುಡುಗ: ಹೊರಗಿನವರಾ! ಕಾಸರಗೋಡಿನವರು ನಾವು, 1956ರಿಂದ ಕೇರಳದಲ್ಲೇ ಇದ್ದೇವೆ.

ಬ್ರೋಕರ್: ಅಯ್ಯೋ, ಅದನ್ನ ಓನರ್ ಮುಂದೆ ಹೇಳಬೇಡಿ. ಒಮ್ಮೆ ಬಂದರೆ ಬಿಟ್ಟು ಹೋಗದ ಪಾರ್ಟಿ ಅಂದ್ಕೋತಾರೆ.