ಅವರೋಹಣ ವಾಹನ

ಬೆಟ್ಟವನ್ನೇರುವುದೇ ಪೌರುಷವೆಂದೂ ಇಳಿಯುವುದು ಏರಿದವನಿಗೆ ತಪ್ಪದ ಕರ್ಮವೆಂದೂ ನಂಬಿಕೊಂಡು ಬಂದ ನನ್ನಂಥವನಿಗೆ, ಏರಿದ ಶ್ರಮಕ್ಕೆ ಕಾಸಿನ ಬೆಲೆಯನ್ನೂ ಕೊಡದೆ ಇಳಿದ ವೇಗವನ್ನು ಮಾತ್ರ ಕ್ಷಣಕ್ಷಣಕ್ಕೂ ಲೆಕ್ಕವಿಡುವ ಪಂದ್ಯವೊಂದು ಲೋಕದಲ್ಲುಂಟೆಂದು ತಿಳಿದದ್ದು ಇಟಲಿಯ ಕರಾವಳಿಯ ಫಿನಾಲೆ ಲಿಗುರೆಯಲ್ಲಿ. ಎಂಡ್ಯೂರೋ ಎಂದು ಅದರ ಹೆಸರು. ಬಂಡೆ, ಬೇರು, ತಿರುವುಗಳ ನಡುವೆ ಸೈಕಲ್ಲಿನ ಮೇಲೆ ಧುಮುಕುವ ಹಲವು ಹಂತಗಳ ಕಾಲವನ್ನು ಕೂಡಿಸಿ, ಅತ್ಯಲ್ಪ ಕಾಲದವನಿಗೆ ಜಯಮಾಲೆ. ನಡುವಣ ಏರನ್ನು ಪೆಡಲ್ ತುಳಿದೇ ಕ್ರಮಿಸಬೇಕಾದರೂ, ಗೊತ್ತಾದ ವೇಳೆಗೆ ಮುಂದಿನ ಹಂತದ ಬಾಯಿಗೆ ತಲುಪಿದರಾಯಿತು, ತಡವಾದರೆ ದಂಡ. 2013ರಲ್ಲಿ ಈ ಕ್ರೀಡೆಯ ಮೊದಲ ವಿಶ್ವಸರಣಿಯು ಪುಂತಾ ಆಲಾದಲ್ಲಿ ಆರಂಭವಾಗಿ ಇದೇ ಫಿನಾಲೆಯಲ್ಲಿ ಮುಗಿಯಿತು. ಫ್ರಾನ್ಸಿನ ಜೆರೋಮ್ ಕ್ಲೆಮೆಂತ್ಸ್, ಬ್ರಿಟನ್ನಿನ ಟ್ರೇಸಿ ಮೋಸ್ಲಿ ಆ ವರ್ಷದ ವಿಜೇತರು.

ಟೂರಿನ್ನಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಅಂಥದೊಂದು ಸ್ಪರ್ಧೆಗೆ ಹೆಸರು ಕೊಟ್ಟು, ಸೈಕಲನ್ನು ಆರಿಸಲು ಹಿರಿಯರ ಸಮ್ಮತಿಯಿರಲೆಂದು, ಎಂದರೆ ಬೆಲೆಯನ್ನು ತನ್ನ ತಾಯಿಗೆ ನಿವೇದಿಸಲು ಮಧ್ಯಸ್ಥನೊಬ್ಬ ಬೇಕೆಂದು, ನನ್ನನ್ನು ಅಂಗಡಿಗೆ ಕರೆದೊಯ್ದ. ಮುಂದಿನ ಫೋರ್ಕಿಗೆ 170, ಹಿಂದಿನ ಚಕ್ರಕ್ಕೆ 160 ಮಿಲಿಮೀಟರಿನ ಕುಗ್ಗುವ ಅವಕಾಶ; ಕಡಿದಾದ ಇಳಿಜಾರಿನಲ್ಲಿ ಸವಾರ ಮುಂದಕ್ಕೆ ಮುಗ್ಗರಿಸದಂತೆ ಸುಮಾರು 64 ಡಿಗ್ರಿಗೆ ಓರೆಯಾಗಿ, ಮುನಿಸಿಕೊಂಡ ಅಳಿಯನಂತೆ ದೂರಕ್ಕೆ ಸರಿದು ನಿಂತ ಮುಂಚಕ್ರ; ಹ್ಯಾಂಡಲಿನ ಸನ್ನೆಯನ್ನು ಒತ್ತಿ ಕುಳಿತರೆ ತಗ್ಗುವ ಸೀಟು. ಇದಕ್ಕಿಂತ ಹೆಚ್ಚಿನ ಸಸ್ಪೆನ್ಷನ್ ಬೇಕೆಂದರೆ ಏರುವಾಗ ಪ್ರಾಣ ಹೋಗುತ್ತದೆ, ಕಡಮೆ ಸಾಕೆಂದರೆ ಇಳಿಯುವಾಗ ಹೋಗುತ್ತದೆ. ಈ ಎರಡು ಮರಣಗಳ ನಡುವಣ ಸಂಧಾನಕ್ಕೆ ಬೆಲೆ ಐದು ಸಾವಿರ ಯೂರೋಗಳ ಆಚೆಗೆ.

ಆಯ್ಕೆ ಮುಗಿಯುವತನಕ ಸೈಕಲು ಸವಾರನ ಆಕಾಂಕ್ಷೆಗೆ ಅನುರೂಪವಾಗಿತ್ತು; ಹದಗೊಳಿಸತೊಡಗಿದೊಡನೆ ದೇಹದ ಪ್ರಶ್ನೆ ಎದ್ದಿತು. ತೂಕವೆಷ್ಟೆಂದು ಕುಶಲಕರ್ಮಿ ಕೇಳಲು, ಹುಡುಗ ನಿಸ್ಸಂಕೋಚವಾಗಿ ಎಪ್ಪತ್ತೆರಡು ಎಂದ. ಆತ ಮಾತನಾಡದೆ, ಹೆಲ್ಮೆಟ್ಟು, ಮಂಡಿಕವಚ, ಬೂಟು, ನೀರಿನ ಚೀಲಗಳೊಡನೆ ಹುಡುಗನನ್ನು ತಕ್ಕಡಿಯ ಮೇಲೆ ಹತ್ತಿಸಿದ. ಮುಳ್ಳು ಎಂಬತ್ತೊಂದನ್ನು ತೋರಿಸಿತು. “ಮಾವ, ಇದನ್ನು ಅಮ್ಮನ ಕಿವಿಗೆ ಹಾಕಬೇಡಿ,” ಎಂದ. ಒಂಬತ್ತು ಕಿಲೋಗಳಲ್ಲಿ ನೀರಿನ ಪಾಲೆಷ್ಟು, ಪಾಸ್ತಾದ ಪಾಲೆಷ್ಟು ಎಂದು ನಾನೂ ವಿಚಾರಿಸಲಿಲ್ಲ.

ಸವಾರ ಸುಮ್ಮನೆ ಕುಳಿತ ಮಾತ್ರಕ್ಕೇ ಶಾಕ್ ಎಷ್ಟು ಕುಗ್ಗಬೇಕೆಂಬುದಕ್ಕೆ ಸ್ಯಾಗ್ ಎನ್ನುತ್ತಾರೆ. ಹಿಂದೆ ಶೇಕಡಾ 30ರ ಸುಮಾರು, ಮುಂದೆ ಇನ್ನೂ ಕಡಮೆ. ಗೋಡೆಗೆ ಮೊಣಕೈ ಊರಿ ಹುಡುಗ ಕುಳಿತ. ಶಾಕಿನ ದಂಡದ ಮೇಲಿನ ರಬ್ಬರುಂಗುರವನ್ನು ಬುಡಕ್ಕೆ ಸರಿಸಿ, ಅವನನ್ನು ಮೆಲ್ಲನೆ ಇಳಿಸಿ, ಉಂಗುರ ಎಷ್ಟು ಜಾರಿತೆಂದು ಅಳೆದರು: 65 ಮಿಲಿಮೀಟರಿನ ದಂಡದಲ್ಲಿ ಹತ್ತೊಂಬತ್ತೂವರೆ ಬರಬೇಕಾದಲ್ಲಿ ಇಪ್ಪತ್ತಾರು ಬಂದಿತ್ತು. ಪಂಪಿನಿಂದ ಗಾಳಿ ತುಂಬಿ ಮತ್ತೆ ಕೂರಿಸಿದರು. ಅನಂತರ ರಿಬೌಂಡಿನ ಕೆಂಪು ತಿರುಪು: ಶಾಕ್ ಬೇಗನೆ ಹಿಗ್ಗಿದರೆ ಸವಾರನನ್ನು ಒದ್ದು ಎಸೆಯುತ್ತದೆ, ತಡವಾದರೆ ಕಲ್ಲಿನ ಮೇಲೆ ಕಲ್ಲು ಬಂದಾಗ ಹಿಗ್ಗಲು ಬಿಡುವಿಲ್ಲದೆ ಕುಸಿಯುತ್ತ ಕುಸಿಯುತ್ತ ಕಡೆಗೆ ಮರದ ಕೊರಡಾಗುತ್ತದೆ. ಪಾದಚಾರಿ ಪಥದ ಅಂಚಿನಿಂದ ಕುಳಿತಂತೆಯೇ ಇಳಿಸಿ, ಒಮ್ಮೆ ಪುಟಿದು ನೆಲೆಗೊಂಡರೆ ಸಾಕೆಂದು ಕುಶಲಕರ್ಮಿಯ ಅಭಿಪ್ರಾಯ.

ಫಿನಾಲೆಯ ಸುಣ್ಣಕಲ್ಲು ಟಯರಿನ ಪಕ್ಕೆಯನ್ನು ಕೊಯ್ಯಬಲ್ಲುದಾದ್ದರಿಂದ ದಪ್ಪ ಪಕ್ಕೆಯ, ಟ್ಯೂಬಿಲ್ಲದ ಟಯರುಗಳನ್ನೇ ಹಾಕಿಸಿದೆವು. ಮುಂದಿನದಕ್ಕೆ ಒಂದೂವರೆ ಬಾರ್ ಗಾಳಿ, ಭಾರ ಹೊರುವ ಹಿಂದಿನದಕ್ಕೆ ತುಸು ಹೆಚ್ಚು.

ಈ ವಾಹನವನ್ನು ಕೊಳ್ಳಹೊರಟ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಫ್ರೇಮಿನ ಹೊಳಪಿನಲ್ಲಿ ಉಳಿಸಿದ ಹಣವನ್ನು ಟಯರು, ಬ್ರೇಕುಗಳಿಗೆ ವ್ಯಯಿಸಿರಿ, ಶಾಕ್ ಪಂಪೊಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿರಿ, ಒಂದು ಸಲಕ್ಕೆ ಒಂದೇ ತಿರುಪನ್ನು ತಿರುಗಿಸಿ, ಎಷ್ಟು ಕ್ಲಿಕ್ ತಿರುಗಿಸಿದಿರೆಂಬುದನ್ನು ಅಲ್ಲಿಯೇ ಬರೆದಿಡಿರಿ.