ಓಟದ ರಾಯರು

ಬೆಳಿಗ್ಗೆ ಆರೂಕಾಲಿಗೆ ಹಾಲು ತರಲು ಇಳಿದಾಗ ಪಕ್ಕದ ಮನೆಯ ರಾಯರು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರುಗಳಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಏನೋ ಹರಕೆಯಿರಬೇಕು ಎಂದುಕೊಂಡೆ.

“ವಾಚು ಒಂಬತ್ತು ಪಾಯಿಂಟ್ ಒಂಬತ್ತಾರು ತೋರಿಸ್ತಿದೆ ಕಣ್ರೀ. ಇನ್ನು ನಲವತ್ತೇ ಮೀಟರು. ಹತ್ತಾಗದೆ ಮನೆಗೆ ಹೋದ್ರೆ ಓಡಿದ್ದೆಲ್ಲ ದಂಡ” ಎಂದರು. ಹತ್ತಾಯಿತು. ಗುಂಡಿ ಒತ್ತಿ, ಬೆವರು ಒರೆಸಿಕೊಂಡು, ಒಂದನೇ ಮಹಡಿಗೆ ಲಿಫ್ಟಿನಲ್ಲಿ ಹೋದರು.

ಇದೆಲ್ಲ ಶುರುವಾದದ್ದು ನಾಲ್ಕು ವರ್ಷದ ಹಿಂದೆ. “ಶುಗರ್ ಬಾಗಿಲ ತನಕ ಬಂದಿದೆ, ಸ್ವಲ್ಪ ನಡೀರಿ” ಎಂದು ಡಾಕ್ಟರು ಹೇಳಿದರು. ರಾಯರಿಗೆ ‘ಸ್ವಲ್ಪ’ ಎಂಬ ಪದದ ಪರಿಚಯವಿಲ್ಲ. ಲಾಲ್‌ಬಾಗಿನಲ್ಲಿ ಒಂದು ತಿಂಗಳು ನಡೆದರು, ಎರಡನೇ ತಿಂಗಳು ಓಡಿದರು, ಮೂರನೇ ತಿಂಗಳು ದುಡ್ಡು ಕಟ್ಟಿ ಓಡಿದರು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಅವರ ಮೊದಲ ಸ್ಪರ್ಧೆ. ಆಫ್ರಿಕಾದ ಘಟಾನುಘಟಿಗಳು 28 ನಿಮಿಷದ ಆಸುಪಾಸಿನಲ್ಲಿ ಮುಗಿಸುವ ಆ ಹತ್ತು ಕಿಲೋಮೀಟರಿಗೆ ರಾಯರು ತೆಗೆದುಕೊಂಡದ್ದು 79 ನಿಮಿಷ. “ಅದೇ ರಸ್ತೆ, ಅದೇ ಬಿಸಿಲು” ಎಂದು ಇವತ್ತಿಗೂ ಎದೆ ಉಬ್ಬಿಸುತ್ತಾರೆ. ರಸ್ತೆ ಅದೇ, ಸರಿ. ಬಿಸಿಲು ಮಾತ್ರ ರಾಯರ ಪಾಲಿಗೆ 51 ನಿಮಿಷ ಹೆಚ್ಚು.

ಅಲ್ಲಿಂದ ಮುಂದೆ ರಾಯರ ಭಾಷೆಯೇ ಬದಲಾಯಿತು. ‘ಹೇಗಿದ್ದೀರಿ’ ಎಂದರೆ ‘ಪೇಸ್ ಏಳು ಮೂವತ್ತಕ್ಕೆ ಬಂದಿದೆ’ ಎನ್ನುತ್ತಾರೆ. ಡಾಕ್ಟರು ಬಿಡಿಸಿದ್ದ ಅನ್ನ ‘ಕಾರ್ಬ್ ಲೋಡಿಂಗ್’ ಎಂಬ ಹೆಸರಿನಲ್ಲಿ ತಟ್ಟೆಗೆ ಮರಳಿತು. ಸ್ಪರ್ಧೆಯ ಹಿಂದಿನ ರಾತ್ರಿ ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಲೋಡ್ ಮಾಡಿಕೊಳ್ಳುತ್ತಾರೆ. “ನಮ್ಮತ್ತೆ ಇದಕ್ಕೆ ಊಟ ಅಂತಿದ್ರು” ಎನ್ನುತ್ತಾರೆ ಅವರ ಮನೆಯವರು. ಓಟ ಮುಗಿದ ಮೇಲೆ ವಾಚಿನಲ್ಲಿ ಏಳುನೂರು ಕ್ಯಾಲೊರಿ ಸುಟ್ಟ ಲೆಕ್ಕ ಸಿಗುತ್ತದೆ. ಆ ಲೆಕ್ಕವನ್ನು ನೇರವಾಗಿ ಹೋಟೆಲಿಗೆ ಒಯ್ದು, ಎರಡು ಮಸಾಲೆ ದೋಸೆ, ಒಂದು ಕೇಸರಿಬಾತಿನಲ್ಲಿ ಚುಕ್ತಾ ಮಾಡಿ ಬರುತ್ತಾರೆ.

ಮ್ಯಾರಥಾನಿನ ಚರಿತ್ರೆಯೂ ಅವರಿಗೆ ಬಾಯಿಪಾಠ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು, 1921ರಲ್ಲಿ ಆ 42.195 ಕಿಲೋಮೀಟರೇ ಕಾಯಂ ಆಯಿತು. “ಯಾರೋ ದೊಡ್ಡವರು ಕುರ್ಚಿ ಬಿಟ್ಟು ಏಳಲಿಲ್ಲ ಅಂತ ನಾವು ಸಾಯ್ಬೇಕೇನ್ರೀ?” ಎಂದು ಗುಡುಗುತ್ತಾರೆ. ರಾಯರು ಇದುವರೆಗೆ 21 ಕಿಲೋಮೀಟರಿನಾಚೆಗೆ ಓಡಿಲ್ಲ. ಆದರೂ ಸಿಟ್ಟು ಪೂರ್ತಿ ಮ್ಯಾರಥಾನಿನದು.

ಕಳೆದ ವರ್ಷ ಸೈಕಲ್ಲು ಬಂತು. ಡ್ಯುವಾಥ್ಲಾನ್ ಅಂತೆ: ಮೊದಲು ಐದು ಕಿಲೋಮೀಟರ್ ಓಟ, ಆಮೇಲೆ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಕೊನೆಗೆ ಮತ್ತೆ ಎರಡೂವರೆ ಕಿಲೋಮೀಟರ್ ಓಟ. ಸೈಕಲ್ಲಿನಿಂದ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಇವರ ಬಳಗದಲ್ಲಿ ‘ಬ್ರಿಕ್’ ಎನ್ನುತ್ತಾರೆ. “ಭಾನುವಾರ ಬ್ರಿಕ್ ಇದೆ” ಎಂದು ಇವರು ಹೇಳಿದಾಗ ಮನೆಯವರು, “ಕೊನೆಗೂ ಸೈಟಿನಲ್ಲಿ ಮನೆ ಎಬ್ಬಿಸ್ತೀರಲ್ಲ” ಎಂದು ಖುಷಿಪಟ್ಟರಂತೆ.

ಆ ಸ್ಪರ್ಧೆ ನೋಡಲು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಒಂದು ನಿಯಮ ಬಲು ಕಟ್ಟುನಿಟ್ಟು. ಹೆಲ್ಮೆಟ್ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟುವಂತಿಲ್ಲ, ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕುವ ತನಕ ಪಟ್ಟಿ ಬಿಚ್ಚುವಂತಿಲ್ಲ. ರಾಯರು ಇದನ್ನು ಎರಡು ದಿನ ಜಪ ಮಾಡಿದ್ದರು. ಜಪ ಎಷ್ಟು ಫಲಿಸಿತೆಂದರೆ, ಸೈಕಲ್ ಇಟ್ಟ ಮೇಲೂ ಹೆಲ್ಮೆಟ್ ಬಿಚ್ಚಲಿಲ್ಲ. ಕಾಲುಗಳು ಇನ್ನೂ ಪೆಡಲ್ ತುಳಿಯುತ್ತಿದ್ದವು, ಮೈ ಮಾತ್ರ ಓಡುತ್ತಿತ್ತು. ಕೊನೆಯ ಎರಡೂವರೆ ಕಿಲೋಮೀಟರನ್ನೂ ಆ ಶಿರಸ್ತ್ರಾಣ ಸಮೇತ, ಯುದ್ಧದಿಂದ ವಾಪಸಾದ ಸೈನಿಕನ ಹಾಗೆ ಪೂರೈಸಿದರು. ದಾರಿಯಲ್ಲಿ ಒಬ್ಬ ಸ್ವಯಂಸೇವಕ ಹುಡುಗ “ಅಂಕಲ್, ಹೆಲ್ಮೆಟ್” ಎಂದು ಕೂಗಿದ. “ಥ್ಯಾಂಕ್ಸ್ ಮರಿ” ಎಂದು ಪಟ್ಟಿ ಇನ್ನಷ್ಟು ಬಿಗಿಮಾಡಿಕೊಂಡರು.

ಐವತ್ತು ದಾಟಿದವರ ಗುಂಪಿನಲ್ಲಿ ಅವರಿಗೆ ಮೂರನೇ ಸ್ಥಾನ. ಈ ಸುದ್ದಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ನೀರಿನ ಟ್ಯಾಂಕರಿಗಿಂತ ಬೇಗ ತಲುಪಿತು. ಆ ವಯಸ್ಸಿನ ಗುಂಪಿನಲ್ಲಿ ಓಡಿದ್ದೇ ಮೂವರು ಎಂಬುದನ್ನು ರಾಯರು ಹೇಳಲಿಲ್ಲ, ನಾನೂ ಹೇಳಿಲ್ಲ. ಅವರ ಮನೆಯವರು ಹೇಳಿದರು.

ಪದಕಗಳು ಈಗ ದೇವರ ಮನೆಯ ಪಕ್ಕದ ಮೊಳೆಗೆ ಜೋತುಬಿದ್ದಿವೆ. ಸ್ಪರ್ಧೆಗೊಂದರಂತೆ ಬಂದ ಟೀ ಶರ್ಟುಗಳು ಊರೆಲ್ಲ ಹಂಚಿಹೋಗಿವೆ. ನಮ್ಮ ವಾಚ್‌ಮನ್ನನ ಮೈ ನೋಡಿದರೆ ಮೂರು ಹಾಫ್ ಮ್ಯಾರಥಾನ್ ಓಡಿದವನಂತೆ ಕಾಣುತ್ತಾನೆ.

ನಗುವುದೇನೋ ನಗುತ್ತೇವೆ. ಆದರೆ ಹೋದ ತಿಂಗಳು ರಾಯರು ರಕ್ತ ಪರೀಕ್ಷೆಯ ಕಾಗದ ತಂದು ತೋರಿಸಿದರು. ಬಾಗಿಲ ತನಕ ಬಂದಿದ್ದ ಶುಗರ್, ಎಷ್ಟು ಸಲ ಬಂದರೂ ಮನೆಯಲ್ಲಿ ರಾಯರು ಸಿಗದೆ ಬೇಸತ್ತು ವಾಪಸು ಹೋಗಿತ್ತು. ಆ ಕಾಗದ ನೋಡಿದ ಸಂಜೆ ನಾನೂ ಗುಟ್ಟಾಗಿ ಒಂದು ಜೊತೆ ಬೂಟು ಕೊಂಡೆ. ಯಾರಿಗೂ ಹೇಳಬೇಡಿ.

ಅಂದ ಹಾಗೆ, ಎದೆಗೆ ನಂಬರಿನ ಕಾಗದ ಚುಚ್ಚಿಕೊಳ್ಳಲು ಪ್ರತಿ ಸ್ಪರ್ಧೆಯಲ್ಲೂ ನಾಲ್ಕು ಪಿನ್ನು ಕೊಡುತ್ತಾರೆ. ಮದುವೆ ಮನೆಗೆ ಹೊರಟಾಗ ಸೀರೆಗೆ ಪಿನ್ನು ಸಿಗದಿದ್ದರೆ ನಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿ. ಡಬ್ಬಿ ತುಂಬ ಇವೆ.